ಮಂಗಳವಾರ ಮಾತ್ರ ಸಲೀಸಾಗುವ ಉಸಿರು: ಕೆಲಸದ ಜಾಗದಿಂದ ಬರುವ ಅಸ್ತಮಾ

ನಮ್ಮ ಭಾವ ಮೈಸೂರಿನ ಒಂದು ಬೇಕರಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ಊರು ಪಾಂಡವಪುರದ ಹತ್ತಿರ. ಹಿಟ್ಟು ಕಲಸುವುದು ಅವರ ಕೆಲಸ. ಬೆಳಗಿನ ಜಾವ ಮೂರಕ್ಕೆ ಶುರು. ಮೈದಾ ಚೀಲದ ದಾರ ಎಳೆದು ಬಿಚ್ಚಿ, ಸೊಂಟದ ಮಟ್ಟಕ್ಕೆ ಎತ್ತಿ, ಮಿಕ್ಸರ್ ಬಾಯಿಗೆ ಒಂದೇ ಸಲ ಸುರಿಯುತ್ತಾರೆ. ಆಮೇಲೆ ಖಾಲಿ ಚೀಲವನ್ನು ಪಟಪಟ ಅಂತ ಎರಡು ಸಲ ಕೊಡವಿ ಮಡಿಸಿಡುತ್ತಾರೆ. ಆ ಕೊಡವಿದ ಹಿಟ್ಟು ಟ್ಯೂಬ್‌ಲೈಟಿನ ಕೆಳಗೆ ಹೊಗೆಯ ಹಾಗೆ ತೇಲುತ್ತಾ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ರೆಪ್ಪೆ, ಮೀಸೆ, ಮೂಗಿನ ಹೊಳ್ಳೆ, ಎಲ್ಲ ಬೆಳ್ಳಗೆ.

ಮೂರು ವರ್ಷದ ಹಿಂದೆ ಅವರಿಗೆ ಸೀನು ಶುರುವಾಯಿತು. ಮೂಗು ಸುರಿಯುವುದು, ಕಣ್ಣು ತುರಿಕೆ. ಆರು ತಿಂಗಳಾದ ಮೇಲೆ ರಾತ್ರಿ ಕೆಮ್ಮು. ಇನ್ನೊಂದಷ್ಟು ದಿನಕ್ಕೆ ಮಲಗಿದರೆ ಎದೆಯೊಳಗೆ ಕೀಂ ಕೀಂ ಅನ್ನುವ ಸದ್ದು. ಹವಾ ಬದಲಾವಣೆ ಅಂತ ಒಬ್ಬರು ಹೇಳಿದರು, ಮೈಸೂರಿನ ಚಳಿ ಅಂತ ಇನ್ನೊಬ್ಬರು. ಕೆಮ್ಮಿನ ಸಿರಪ್ಪು, ಆಂಟಿಬಯಾಟಿಕ್ಕು, ಕೊನೆಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಒಂದು ನೀಲಿ ಇನ್ಹೇಲರು. ಒಂದೂವರೆ ವರ್ಷ ಹೀಗೇ ಕಳೆಯಿತು. ಅಷ್ಟು ದಿನದಲ್ಲಿ ಅವರನ್ನು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ: ನೀವು ಏನು ಕೆಲಸ ಮಾಡುತ್ತೀರಿ?

ಕಾಯಿಲೆಯ ಸುಳಿವು ಹಿಡಿದದ್ದು ನಮ್ಮಕ್ಕ. "ಹಬ್ಬಕ್ಕೆ ಊರಿಗೆ ಹೋದ್ರೆ ಇವರಿಗೆ ಕೆಮ್ಮೇ ಬರಲ್ಲ ಕಣೋ," ಅಂದಳು ನನ್ನ ಹತ್ತಿರ. "ವಾರದ ರಜ ಮಂಗಳವಾರ. ಅವತ್ತು ಸಂಜೆಗೆಲ್ಲ ಚೆನ್ನಾಗೇ ಇರ್ತಾರೆ. ಬುಧವಾರ ಬಂತು ಅಂದ್ರೆ ಮತ್ತೆ ಅದೇ." ಭಾವನನ್ನು ಕೇಳಿದೆ. "ಹೂಂ ಕನಪ್ಪ, ಕೆಲ್ಸಕ್ಕೋದ್ರೆ ಎದೆ ಮೇಲೆ ಮೂಟೆ ಇಟ್ಟಂಗಾಯ್ತದೆ. ವಯಸ್ಸಾಯ್ತಲ್ಲ, ಅದ್ಕೇನೋ ಅನ್ಕಂಡಿದ್ದೆ," ಅಂದರು. ಅವರಿಗೆ ಆಗ ನಲವತ್ತೊಂದು.

ಕೆಲಸದ ದಿನ ಹೆಚ್ಚು, ರಜೆಯಲ್ಲಿ ಕಡಿಮೆ. ಔದ್ಯೋಗಿಕ ಅಸ್ತಮಾವನ್ನು ಗುರುತಿಸುವ ದಾರಿ ಇಲ್ಲಿಂದಲೇ ಶುರುವಾಗುತ್ತದೆ. ದೊಡ್ಡವರಾದ ಮೇಲೆ ಬರುವ ಅಸ್ತಮಾದಲ್ಲಿ ನೂರಕ್ಕೆ ಸುಮಾರು 15ರಷ್ಟು ಕೆಲಸದ ಜಾಗದ ಗಾಳಿಯಿಂದಲೇ ಬರುತ್ತದೆ ಎಂದು ಅಲ್ಲಿನ ಎದೆರೋಗ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ 2003ರಲ್ಲಿ ಅಂದಾಜು ಮಾಡಿತು. 2019ರಲ್ಲಿ ಯುರೋಪಿನ ವೈದ್ಯರ ಸಂಘದೊಂದಿಗೆ ಸೇರಿ ಮತ್ತೆ ಲೆಕ್ಕ ಹಾಕಿದಾಗ ಬಂದದ್ದು 16. ಅಂದರೆ ಮೂವತ್ತು, ನಲವತ್ತರ ಹರೆಯದಲ್ಲಿ ಹೊಸದಾಗಿ ಉಬ್ಬಸ ಅಂತ ಬರುವ ಆರೇಳು ಜನರಲ್ಲಿ ಒಬ್ಬರಿಗೆ ಕಾರಣ ಅವರ ಅನ್ನದ ಕೆಲಸವೇ.

ಒಳಗೆ ಏನಾಗುತ್ತದೆ ಅಂತ ನೋಡೋಣ. ಗಂಟಲಿಂದ ಕೆಳಗಿಳಿಯುವ ಗಾಳಿಕೊಳವೆ ತಲೆಕೆಳಗಾದ ಅರಳಿಮರದ ಹಾಗೆ ಕವಲೊಡೆಯುತ್ತಾ ಹೋಗುತ್ತದೆ. ಪ್ರತಿ ಕವಲಿನ ಒಳಗೋಡೆಗೆ ತೆಳು ಪೊರೆ, ಅದರ ಸುತ್ತ ಸಣ್ಣ ಸ್ನಾಯು. ಗೋಧಿಯ ಪ್ರೋಟೀನನ್ನು ವರ್ಷಗಟ್ಟಲೆ ಉಸಿರಾಡಿದ ಮೇಲೆ ಕೆಲವರ ದೇಹ ಅದನ್ನು ಶತ್ರು ಎಂದು ಗುರುತು ಹಾಕಿಕೊಳ್ಳುತ್ತದೆ, ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹಿಟ್ಟು ಒಳಗೆ ಹೋದಾಗ ಪೊರೆ ಊದುತ್ತದೆ, ಸ್ನಾಯು ಹಿಂಡಿಕೊಳ್ಳುತ್ತದೆ, ಲೋಳೆ ಕಟ್ಟುತ್ತದೆ. ಕೊಳವೆಯ ಅಗಲ ಅರ್ಧವಾದರೆ ಗಾಳಿ ಹರಿಯಲು ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಎದೆ ಮೇಲೆ ಮೂಟೆ ಇಟ್ಟಂತೆ ಅಂತ ಭಾವ ಹೇಳಿದ್ದು ಈ ಲೆಕ್ಕವನ್ನೇ.

ಈ ಗುರುತು ಹಾಕಿಕೊಳ್ಳುವ ಕೆಲಸಕ್ಕೆ ವಾರಗಳು ಹಿಡಿಯಬಹುದು, ಹತ್ತು ವರ್ಷವೂ ಹಿಡಿಯಬಹುದು. ಎಲ್ಲರೂ ಎಡವುವುದು ಇಲ್ಲೇ. "ಇಷ್ಟು ವರ್ಷದಿಂದ ಇದೇ ಹಿಟ್ಟು ಹೊಡೀತಿದೀನಿ, ಆಗ ಇಲ್ಲದ್ದು ಈಗ್ಯಾಕೆ ಬರ್ತದೆ?" ಎಂದು ಭಾವ ವಾದ ಮಾಡಿದರು. ಇಷ್ಟು ವರ್ಷ ಹೊಡೆದದ್ದಕ್ಕೇ ಬಂದದ್ದು. ಒಮ್ಮೆ ಅಲರ್ಜಿ ಕೂತ ಮೇಲೆ ಮೊದಲು ಏನೂ ಮಾಡದಿದ್ದ ಅಳತೆಗಿಂತ ಎಷ್ಟೋ ಕಡಿಮೆ ಧೂಳೂ ಸಾಕಾಗಬಹುದು.

ಇನ್ನೊಂದು ಎಡವು ಸಮಯದ್ದು. ಕೆಲವರಿಗೆ ಧೂಳು ಮೂಗಿಗೆ ಹೋದ ಕೆಲವೇ ನಿಮಿಷಕ್ಕೆ ಉಬ್ಬಸ ಬರುತ್ತದೆ. ಇನ್ನು ಕೆಲವರಿಗೆ ನಾಲ್ಕರಿಂದ ಎಂಟು ಗಂಟೆ ಬಿಟ್ಟು ಬರುತ್ತದೆ. ಕೆಲಸ ಮುಗಿಸಿ, ಮನೆಗೆ ಬಂದು, ಉಂಡು ಮಲಗಿದ ಮೇಲೆ ಕೆಮ್ಮು ಶುರು. ಆಗ ದೂರು ಹೋಗುವುದು ಮನೆಯ ಹಾಸಿಗೆಗೆ, ಫ್ಯಾನಿಗೆ, ರಾತ್ರಿ ತಿಂದ ಬಾಳೆಹಣ್ಣಿಗೆ.

ಎಲ್ಲ ಕೆಲಸದ ಉಬ್ಬಸವೂ ಅಲರ್ಜಿಯದ್ದಲ್ಲ. ಕ್ಲೋರಿನ್, ಆಸಿಡ್ ಹೊಗೆಯಂಥದ್ದು ಒಂದೇ ಸಲ ಬಹಳ ನುಗ್ಗಿದರೆ ಒಂದು ದಿನದೊಳಗೇ ಅಸ್ತಮಾ ಶುರುವಾಗಿ ತಿಂಗಳುಗಟ್ಟಲೆ ಉಳಿಯಬಹುದು. ಚಿಕ್ಕಂದಿನಿಂದ ದಮ್ಮು ಇದ್ದವರಿಗೆ ಕೆಲಸದ ಹೊಗೆ, ಧೂಳು, ಚಳಿಗಾಳಿ ಅದನ್ನು ಕೆರಳಿಸುವುದು ಮೂರನೆಯ ಬಗೆ. ಚಿಕಿತ್ಸೆಯ ದಾರಿ ಮೂರಕ್ಕೂ ಒಂದೇ ಅಲ್ಲ, ಅದಕ್ಕೇ ಯಾವುದೆಂದು ತಿಳಿಯುವುದು ಮುಖ್ಯ.

ನಮ್ಮ ಕಡೆಯ ಕೆಲಸಗಳನ್ನೇ ತೆಗೆದುಕೊಳ್ಳಿ. ಬೇಕರಿಯಲ್ಲಿ ಗೋಧಿ ಹಿಟ್ಟು ಒಂದೇ ಅಲ್ಲ. ಬ್ರೆಡ್ಡು ಮೆತ್ತಗಾಗಲೆಂದು ಹಾಕುವ ಇಂಪ್ರೂವರ್ ಪುಡಿಯಲ್ಲಿ ಶಿಲೀಂಧ್ರದಿಂದ ತೆಗೆದ ಅಮೈಲೇಸ್ ಎಂಬ ಕಿಣ್ವ ಇರುತ್ತದೆ, ಅದೂ ಗಟ್ಟಿ ಅಲರ್ಜಿಕಾರಕ. ಹಳೇ ಹಿಟ್ಟಿನ ನುಸಿಯೂ ಸೇರಿಕೊಳ್ಳುತ್ತದೆ.

ರೇಷ್ಮೆಯ ಮಾತು ಸ್ವಲ್ಪ ಹೆಚ್ಚೇ ಹೇಳಬೇಕು. ಮೈಸೂರು ರೇಷ್ಮೆ ಅಂದರೆ ನಮಗೆ ಸೀರೆಯ ಜರಿ ಕಣ್ಣಿಗೆ ಬರುತ್ತದೆ, ಗೂಡು ಬೇಯಿಸುವ ಬೇಸಿನ್ನಿನ ಮುಂದೆ ಆವಿಯಲ್ಲಿ ಇಡೀ ದಿನ ಕೂರುವ ಹೆಂಗಸರು ಬರುವುದಿಲ್ಲ. ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಬಿಚ್ಚುವಾಗ ಸೆರಿಸಿನ್ ಎಂಬ ಅಂಟು ಪ್ರೋಟೀನು, ಸತ್ತ ಹುಳದ ಪ್ರೋಟೀನು ಆವಿ ಮತ್ತು ಧೂಳಿನ ಜೊತೆ ಗಾಳಿಗೆ ಸೇರುತ್ತವೆ. ಕರ್ನಾಟಕದ ರೀಲಿಂಗ್ ಕೆಲಸಗಾರರಲ್ಲಿ ಇದರಿಂದ ಅಸ್ತಮಾ ಬರುವುದನ್ನು 1980ರ ದಶಕದಲ್ಲೇ ದಾಖಲಿಸಿದ್ದಾರೆ. ರೇಷ್ಮೆಹುಳದ ಮೊಟ್ಟೆ ತಯಾರಿಸುವ ಕಡೆ ಚಿಟ್ಟೆಯ ರೆಕ್ಕೆಯಿಂದ ಉದುರುವ ಹುಡಿ ಇದೇ ಕೆಲಸ ಮಾಡುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹುಳ ಸಾಕುವವರಿಗೆ ಇನ್ನೊಂದು ಕಾಟ: ಬೆಳೆ ಬೆಳೆಗೂ ಹುಳುವಿನ ಮನೆಗೆ ಹೊಡೆಯುವ ಫಾರ್ಮಾಲಿನ್ನು, ಬ್ಲೀಚಿಂಗ್ ಪುಡಿ. ಬಾಗಿಲು ಮುಚ್ಚಿದ ಮನೆಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಸಿಂಪಡಿಸುವವರನ್ನು ನಾನೇ ನೋಡಿದ್ದೇನೆ. ಫಾರ್ಮಾಲಿನ್ ಆವಿಯನ್ನು ಸೆರಗು ತಡೆಯುವುದಿಲ್ಲ.

ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗಿನ ಸಿಪ್ಪೆಯ ಹೊಗೆ ಒಂದು ಕಡೆ. ಬೆಲ್ಲ ಬೆಳ್ಳಗಾಗಲೆಂದು ಹಾಕುವ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಇನ್ನೊಂದು ಕಡೆ. ಅದರಿಂದ ಏಳುವ ಗಂಧಕದ ಡೈಆಕ್ಸೈಡ್ ಅಸ್ತಮಾ ಇದ್ದವರ ಉಸಿರನ್ನು ಕೂಡಲೇ ಹಿಡಿಯುತ್ತದೆ. ಬಿಳಿ ಬೆಲ್ಲದ ಮೋಹಕ್ಕೆ ಒಲೆ ಮುಂದಿನವನ ಎದೆ ಸುಡುವುದು ನನಗೆ ಸರಿ ಕಾಣುವುದಿಲ್ಲ. ಕಪ್ಪು ಬೆಲ್ಲ ಕೊಳ್ಳಿ. ಇನ್ನು, ಒದ್ದೆಯಾಗಿ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವ ಬಗಾಸೋಸಿಸ್ ಬೇರೆಯೇ ಕಾಯಿಲೆ. ಜ್ವರ, ಚಳಿ, ಏದುಸಿರು ಬರುತ್ತದೆ. ಅದು ಕೊಳವೆಯದ್ದಲ್ಲ, ಶ್ವಾಸಕೋಶದ ಆಳದ ಗಾಳಿಚೀಲಗಳದ್ದು. ಎರಡನ್ನೂ ಒಂದೇ ಅಂದುಕೊಂಡು ಇನ್ಹೇಲರ್ ಎಳೆಯುತ್ತಾ ಕೂರಬಾರದು.

ಗ್ಯಾರೇಜಿನಲ್ಲಿ ಕಾರಿಗೆ ಪಿಯು (ಪಾಲಿಯುರೆಥೇನ್) ಪೇಂಟ್ ಸ್ಪ್ರೇ ಮಾಡುವವರ ಅಪಾಯವೂ ದೊಡ್ಡದೇ. ಪೇಂಟಿಗೆ ಬೆರೆಸುವ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಜಗತ್ತಿನಾದ್ಯಂತ ಔದ್ಯೋಗಿಕ ಅಸ್ತಮಾದ ಮುಖ್ಯ ಕಾರಣಗಳಲ್ಲಿ ಇದೊಂದು. ಮರಗೆಲಸದ ಹೊಟ್ಟು, ಸೋಲ್ಡರಿಂಗ್ ಮಾಡುವಾಗ ರಾಳದಿಂದ ಏಳುವ ಹೊಗೆ, ಪಾರ್ಲರಿನ ಕೂದಲು ಬ್ಲೀಚ್ ಪುಡಿ, ಆಸ್ಪತ್ರೆಯ ನೆಲ ಒರೆಸುವ ದ್ರಾವಣ ಇವೂ ಆ ಪಟ್ಟಿಯಲ್ಲಿವೆ.

ಮತ್ತೆ ಭಾವನ ಕಥೆಗೆ ಬರುತ್ತೇನೆ. ಅಕ್ಕನ ಮಾತು ಕೇಳಿ ಅವರನ್ನು ಎದೆರೋಗದ ವೈದ್ಯರ ಹತ್ತಿರ ಕರೆದೊಯ್ದೆ. ಭಾವ ಆಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು: "ನಾಳೆಯಿಂದ ಕೆಲ್ಸ ಬುಟ್ಬುಡ್ತೀನಿ ಸಾರ್." ವೈದ್ಯರು ತಡೆದರು. ಈಗಲೇ ಬಿಡಬೇಡಿ, ಮೊದಲು ನಾಲ್ಕು ವಾರ ಊದಿ ಬರೆಯಿರಿ ಎಂದರು. ಆ ಮಾತು ಆಗ ನನಗೆ ನಿಷ್ಕರುಣೆ ಅನಿಸಿತ್ತು. ಆಮೇಲೆ ಅರ್ಥವಾಯಿತು. ಕೆಲಸ ಬಿಟ್ಟು ತಿಂಗಳಾದ ಮೇಲೆ ಪರೀಕ್ಷೆಗೆ ಹೋದರೆ ಉಸಿರು ಸರಿಯಾಗಿಯೇ ಕಾಣಬಹುದು. ಆಗ ಕಾಯಿಲೆಗೂ ಕೆಲಸಕ್ಕೂ ಇರುವ ನಂಟನ್ನು ತೋರಿಸಲು ಏನೂ ಉಳಿಯುವುದಿಲ್ಲ. ಉಬ್ಬಸ ಜೋರಾಗಿದ್ದು ಜೀವಕ್ಕೇ ಅಪಾಯ ಅನ್ನುವ ಹಾಗಿದ್ದರೆ ಮಾತು ಬೇರೆ, ಆಗ ಮೊದಲು ಹೊರಗೆ ಬರಬೇಕು.

ಊದುವ ಸಾಧನದ ಹೆಸರು ಪೀಕ್ ಫ್ಲೋ ಮೀಟರ್. ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಜಾರುವ ಒಂದು ಮುಳ್ಳು. ಬ್ಯಾಟರಿ ಬೇಡ. ನಿಂತುಕೊಂಡು ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು, ದೀಪ ಆರಿಸುವ ಹಾಗೆ ಒಂದೇ ಏಟಿಗೆ ಜೋರಾಗಿ ಊದಬೇಕು. ಮುಳ್ಳು ನಿಂತ ಅಂಕಿ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಗಾಳಿ ಹೊರಬಂತು ಎಂದು ಹೇಳುತ್ತದೆ. ಮೂರು ಸಲ ಊದಿ ಹೆಚ್ಚಿನದ್ದನ್ನು ಬರೆದುಕೊಳ್ಳಬೇಕು. ದಿನಕ್ಕೆ ಕನಿಷ್ಠ ನಾಲ್ಕು ಹೊತ್ತು, ಕೆಲಸದ ದಿನವೂ ರಜೆಯ ದಿನವೂ. ಮೀಟರ್ ಒಂದೇ ಇರಬೇಕು, ಮಧ್ಯದಲ್ಲಿ ಬದಲಿಸಬಾರದು.

ಅಕ್ಕ ಮಗಳ ಹಳೇ ಗಣಿತದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಟ್ಟಳು. ಭಾವನ ಮೊದಲ ವಾರದ ಒಂದು ಗುರುವಾರ ಹೀಗಿದೆ: ಕೆಲಸಕ್ಕೆ ಮುಂಚೆ 400, ಬೆಳಿಗ್ಗೆ ಹತ್ತಕ್ಕೆ 340, ಮಧ್ಯಾಹ್ನ 310, ರಾತ್ರಿ ಮಲಗುವಾಗ 290. ಪಕ್ಕದಲ್ಲಿ ಅಕ್ಕನ ಅಕ್ಷರ: "ಆರು ಚೀಲ. ಬನ್ ಆರ್ಡರ್." ಮಂಗಳವಾರ ರಾತ್ರಿ 370. ಮೂರನೇ ವಾರ ರಜ ಹಾಕಿಸಿ ಅವರನ್ನು ಎಂಟು ದಿನ ಊರಿಗೆ ಕಳಿಸಿದೆವು. ಮೊದಲ ಎರಡು ದಿನ ಅಂಕಿ ಹೆಚ್ಚೇನೂ ಏರಲಿಲ್ಲ. ನಾಲ್ಕನೇ ದಿನ 420. ಆರನೇ ದಿನದಿಂದ 450ರ ಆಸುಪಾಸಿನಲ್ಲೇ ನಿಂತಿತು. ಊರಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ, ಗದ್ದೆ ಬದು ಕಡಿದಿದ್ದರು. ವಾಪಸ್ ಬಂದು ಕೆಲಸಕ್ಕೆ ಹೋದ ಮೂರನೇ ದಿನಕ್ಕೆ ಮತ್ತೆ 310.

ಊದಿಕೊಂಡ ಪೊರೆ ಇಳಿಯಲು ಹಲವು ದಿನ ಬೇಕು. ಒಂದು ದಿನದ ವಾರದ ರಜೆ ಕೆಲವರಿಗೆ ಸಾಲುವುದೇ ಇಲ್ಲ. "ಭಾನುವಾರವೂ ಕೆಮ್ಮು ಇತ್ತಲ್ಲ, ಹಾಗಾದರೆ ಕೆಲಸದ್ದಲ್ಲ" ಎಂದು ಅಲ್ಲಿಗೇ ಬಿಡಬಾರದು. ಉದ್ದ ರಜೆಯನ್ನು ಲೆಕ್ಕಕ್ಕೆ ತಂದರೆ ಮಾತ್ರ ನಿಜ ಬಯಲಾಗುತ್ತದೆ.

ಜೊತೆಗೆ ಸ್ಪೈರೋಮೆಟ್ರಿ ಎಂಬ ಉಸಿರಿನ ಪರೀಕ್ಷೆ ಆಗಬೇಕು. ಮೊದಲು ಊದಿಸಿ, ಔಷಧಿ ಕೊಟ್ಟು, ಮತ್ತೆ ಊದಿಸಿ ವ್ಯತ್ಯಾಸ ನೋಡುತ್ತಾರೆ. ಹಿಟ್ಟಿನಂಥ ಪ್ರೋಟೀನಿಗಾದರೆ ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯೂ ನೆರವಾಗುತ್ತದೆ. ಮೈಸೂರಿನಲ್ಲಿ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಇವೆಯಲ್ಲ, ಖಾಸಗಿ ಕ್ಲಿನಿಕ್ಕಿಗೆ ದುಡ್ಡು ಹೊಂದಿಸಲಾಗದವರು ಅಲ್ಲಿನ ಎದೆರೋಗ ವಿಭಾಗದಲ್ಲಿ ವಿಚಾರಿಸಬಹುದು. ಹೋಗುವಾಗ ನೀವು ಮುಟ್ಟುವ ಪುಡಿ, ಪೇಂಟು, ದ್ರಾವಣದ ಡಬ್ಬಿಯ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ. "ಅದೇನೋ ಹಾರ್ಡನರ್" ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಭಾವನಿಗೆ ಗೋಧಿ ಹಿಟ್ಟಿನ ಅಸ್ತಮಾ ಎಂದು ಖಚಿತವಾದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ: "ಹಂಗಾದ್ರೆ ಚಪಾತಿ ತಿನ್ನಂಗಿಲ್ವಾ?" ತಿನ್ನಬಹುದು. ಹಿಟ್ಟು ಉಸಿರಾಡಿದರೆ ಉಬ್ಬಸ ಬರುವ ಹೆಚ್ಚಿನವರಿಗೆ ಬೆಂದ ಗೋಧಿ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ.

ಕಷ್ಟದ ಮಾತು ಇನ್ನು ಮುಂದಿನದು. ಅಲರ್ಜಿ ಕೂತವರಿಗೆ ಅತ್ಯುತ್ತಮ ಚಿಕಿತ್ಸೆ ಆ ಧೂಳಿನಿಂದ ಪೂರ್ತಿ ದೂರವಾಗುವುದು, ಅದೂ ಬೇಗ. ಪೂರ್ತಿ ದೂರವಾದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಮಾತ್ರ ಲಕ್ಷಣಗಳು ಸಂಪೂರ್ಣ ಹೋಗುತ್ತವೆ. ರೋಗ ಶುರುವಾದ ಮೇಲೆ ಎಷ್ಟು ಹೆಚ್ಚು ಕಾಲ ಅದೇ ಗಾಳಿಯಲ್ಲಿ ಇರುತ್ತೀರೋ ಗುಣವಾಗುವ ಸಾಧ್ಯತೆ ಅಷ್ಟು ಕಡಿಮೆ. ಇನ್ಹೇಲರ್ ಎಳೆದುಕೊಂಡು ಅದೇ ಹಿಟ್ಟಿನ ಮೋಡದಲ್ಲಿ ನಿಲ್ಲುವುದು ಒಲೆಗೆ ಸೌದೆ ತುಂಬುತ್ತಲೇ ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ. ಆದರೆ ಎರಡು ಮಕ್ಕಳ ಫೀಸು ಕಟ್ಟುವವನಿಗೆ ಕೆಲಸ ಬಿಡು ಎಂದು ಹೇಳಿ ಎದ್ದು ಹೋಗುವುದೂ ಚಿಕಿತ್ಸೆ ಅಲ್ಲ.

ಹಾಗಾಗಿ ನಾವು ಮಾಲೀಕರ ಹತ್ತಿರ ಹೋದದ್ದು ಜಗಳಕ್ಕಲ್ಲ. ನೋಟ್‌ಬುಕ್ಕು ಅವರ ಮುಂದಿಟ್ಟೆವು. ಭಾವ ಕಲಸುವ ಕೋಣೆಯಿಂದ ಹೊರಬರಬೇಕು, ಬೇಕರಿಯಿಂದಲ್ಲ ಎಂದೆವು. ಈಗ ಅವರು ಮುಂದಿನ ಕೌಂಟರ್ ಮತ್ತು ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ. ಸಂಬಳದಲ್ಲಿ ಸ್ವಲ್ಪ ಇಳಿಯಿತು, ಸುಳ್ಳು ಹೇಳುವುದಿಲ್ಲ.

ಕಲಸುವ ಕೋಣೆಯ ಗಾಳಿಯನ್ನೂ ಬದಲಿಸಬಹುದು. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘಟನೆಯಾದ ಎಸಿಜಿಐಎಚ್ ಹಿಟ್ಟಿನ ಧೂಳಿಗೆ ಹೇಳುವ ಮಿತಿ ಒಂದು ಘನಮೀಟರ್ ಗಾಳಿಗೆ 0.5 ಮಿಲಿಗ್ರಾಂ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನಮೀಟರ್ ಗಾಳಿ ಇರುತ್ತದೆ. ಆ ಇಡೀ ಕೋಣೆಗೆ 14 ಮಿಲಿಗ್ರಾಂ, ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ! ಒಂದು ಚೀಲ ಕೊಡವಿದರೆ ಎಷ್ಟು ಹಾರುತ್ತದೆ ಎಂದು ಯೋಚಿಸಿ.

ಅದಕ್ಕೇ ಚೀಲ ಕೊಡವುವುದನ್ನು ಬಿಟ್ಟರೇ ಅರ್ಧ ಕೆಲಸವಾಯಿತು. ಖಾಲಿ ಚೀಲವನ್ನು ತಳದಿಂದ ಮೆಲ್ಲಗೆ ಸುತ್ತುತ್ತಾ ಗಾಳಿ ಬಿಡಬೇಕು. ಹಿಟ್ಟನ್ನು ಎತ್ತರದಿಂದ ಸುರಿಯದೆ ಚೀಲದ ಬಾಯನ್ನು ಪಾತ್ರೆಯೊಳಗೇ ಇಳಿಸಿ ಜಾರಿಸಬೇಕು. ಮಿಕ್ಸರಿಗೆ ಮುಚ್ಚಳ ಬೇಕು, ಹಿಟ್ಟು ಒದ್ದೆಯಾಗುವವರೆಗೆ ನಿಧಾನದ ವೇಗ. ಮಣೆಯ ಮೇಲೆ ಹಿಟ್ಟು ಎರಚುವ ಬದಲು ಎಣ್ಣೆ ಸವರಬಹುದು. ಕಸಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎಕ್ಸಾಸ್ಟ್ ಫ್ಯಾನನ್ನು ಮಿಕ್ಸರಿನ ಹತ್ತಿರ, ಧೂಳು ಮುಖಕ್ಕೆ ಬರುವ ಮೊದಲೇ ಎಳೆದುಕೊಳ್ಳುವ ಹಾಗೆ ಇಡಬೇಕು. ಸೀಲಿಂಗ್ ಫ್ಯಾನು ಕೂತ ಹಿಟ್ಟನ್ನೂ ಎಬ್ಬಿಸುತ್ತದೆ.

ಮಾಸ್ಕ್ ಕೊನೆಯ ರಕ್ಷಣೆ, ಮೊದಲನೆಯದಲ್ಲ. ಧೂಳಿಗೆ ಎನ್95 ನಡೆಯುತ್ತದೆ, ಗಡ್ಡ ಬಿಟ್ಟಿದ್ದರೆ ಅಂಚಿನಲ್ಲಿ ಸೋರುತ್ತದೆ. ಟವೆಲ್ಲು ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಪೇಂಟಿನ ಆವಿಗೆ ಎನ್95 ಕೂಡ ಏನೂ ಮಾಡುವುದಿಲ್ಲ. ಐಸೋಸಯನೇಟ್ ಸ್ಪ್ರೇ ಮಾಡುವವರಿಗೆ ಬೇಕಾದ್ದು ಮುಚ್ಚಿದ ಬೂತು ಮತ್ತು ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಮುಖವಾಡ.

ಔಷಧಿಯ ವಿಚಾರದಲ್ಲಿ ನಮ್ಮ ಕಡೆ ಇರುವ ಒಂದು ಹೆದರಿಕೆ ಬಿಡಿಸಬೇಕು: "ಇನ್ಹೇಲರ್ ಹಿಡುದ್ರೆ ಸಾಯೋವರ್ಗೂ ಬುಡಕ್ಕಾಗಲ್ಲ." ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಇದ್ದರೆ ಇನ್ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಒಂದು ಮಾತ್ರೆ 40 ಪಫ್‌ಗೆ ಸಮ. ನೇರ ಕೊಳವೆಗೇ ಹೋಗುವುದರಿಂದ ಅಷ್ಟು ಕಡಿಮೆ ಸಾಕು. ಆದರೆ ಆ ನೀಲಿ ಇನ್ಹೇಲರ್ ಸ್ನಾಯುವನ್ನು ಮಾತ್ರ ಸಡಿಲಿಸುತ್ತದೆ, ಊತವನ್ನು ಇಳಿಸುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬಾರದು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇರುವ ಇನ್ಹೇಲರು. ಅದನ್ನು ವೈದ್ಯರು ಹೇಳಿದಷ್ಟು ದಿನ, ಚೆನ್ನಾಗಿದ್ದೇನೆ ಅನಿಸಿದಾಗಲೂ ತೆಗೆದುಕೊಳ್ಳಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಪಫ್ ತೆಗೆದುಕೊಂಡರೂ ಇಳಿಯದಿರುವುದು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳದವರಾದರೆ ಇಎಸ್‌ಐ (ನೌಕರರ ವಿಮೆ) ಇರಬೇಕು. ಚಿಕಿತ್ಸೆಯ ಜೊತೆ, ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಅದರಿಂದ ಸಿಗುತ್ತದೆ. ನಾಲ್ಕೈದು ಜನರ ಬೇಕರಿ, ಗ್ಯಾರೇಜು, ಪಾರ್ಲರಿನವರಿಗೆ ಆ ಆಸರೆಯೂ ಹೆಚ್ಚಾಗಿ ಸಿಗುವುದಿಲ್ಲ. ಅಂಥ ಕಡೆಯೇ ಗಾಳಿ ಅತಿ ಕೆಟ್ಟದಾಗಿರುವುದು. ಹಾಗಿರುವಾಗ ದಿನಾಂಕ ಹಾಕಿದ ನೋಟ್‌ಬುಕ್ಕು, ವೈದ್ಯರ ಚೀಟಿ ಎರಡನ್ನೂ ಜೋಪಾನ ಮಾಡಿ. ಮಾಲೀಕರ ಮುಂದೆ ಮಾತಾಡಲು ಅವೇ ಆಧಾರ.

ಭಾವನ ಅಂಕಿ ಈಗ 430ರ ಹತ್ತಿರ ನಿಲ್ಲುತ್ತದೆ. ಹಿಟ್ಟಿನ ಲೋಡ್ ಇಳಿಯುವ ದಿನ ಇವತ್ತಿಗೂ ಎದೆ ಹಿಡಿಯುತ್ತದೆ, ಆಗ ಅವರು ರಸ್ತೆಯ ಆಚೆ ಹೋಗಿ ನಿಲ್ಲುತ್ತಾರೆ. ಅವರ ಜಾಗದಲ್ಲಿ ಕೆ.ಆರ್. ಪೇಟೆ ಕಡೆಯ ಇಪ್ಪತ್ತೆರಡರ ಹುಡುಗ ಹಿಟ್ಟು ಕಲಸುತ್ತಾನೆ. ಚೀಲ ಸುತ್ತುವುದನ್ನು ಭಾವ ಅವನಿಗೆ ಕಲಿಸಿಕೊಟ್ಟಿದ್ದಾರೆ. ಮೂರು ವಾರದಿಂದ ಅವನಿಗೆ ಕೆಲಸದ ಹೊತ್ತಿನಲ್ಲಿ ಮೂಗು ಸುರಿಯುತ್ತಿದೆ, ಎದೆ ಇನ್ನೂ ಕೂಗಿಲ್ಲ. ಹಿಟ್ಟಿನ ಅಲರ್ಜಿ ಬಹಳ ಜನರಲ್ಲಿ ಮೂಗಿನಿಂದಲೇ ಶುರುವಾಗಿ ಆಮೇಲೆ ಎದೆಗೆ ಇಳಿಯುತ್ತದೆ. ಹೋದ ವಾರ ಭಾವ ಹೊಸ ಮೀಟರ್ ಒಂದನ್ನು ತಂದು ಅವನ ಕೈಗಿಟ್ಟರು. "ದಿನಾ ನಾಲ್ಕು ಸಲ ಊದ್ಲಾ ಮಗ, ಬರ್ದಿಡು. ಮಂಗ್ಳವಾರ ಆಸ್ಪತ್ರೆಗೆ ನಾನೂ ಬತ್ತೀನಿ," ಅಂದರು.